ಬಂದಾಕಿ ಯಾವ ಅವ್ವ

ನನ್ನ ಮುಖದ ತುಂಬ ಕುಣಿ ಇವೆ. ನೋಡಿದವರು ಮೊದಲು ಕುಣಿ ನೋಡುತ್ತಾರೆ, ಆಮೇಲೆ ನನ್ನನ್ನು ನೋಡುತ್ತಾರೆ. ಸಣ್ಣವಳಿದ್ದಾಗ ಅವ್ವ ಬಂದು ಹೋದ ಗುರುತು ಅದು. ನನ್ನ ಸಂಗಡ ಒಂದೇ ಕೌದಿಯಲ್ಲಿ ಮಲಗಿದ್ದ ತಮ್ಮ ಏಳಲಿಲ್ಲ, ನಾನು ಎದ್ದೆ. ಅದರ ಬಗ್ಗೆ ಇದಕ್ಕಿಂತ ಹೆಚ್ಚು ಹೇಳುವುದು ಏನೂ ಇಲ್ಲ.

ನಮ್ಮ ಕಡೆ ಅವ್ವ ಎಂದರೆ ಹೆತ್ತವಳೂ ಹೌದು, ಗುಡಿಯಲ್ಲಿ ಕುಂತವಳೂ ಹೌದು, ಮೈಮೇಲೆ ಏಳುವ ಬೊಕ್ಕೆಯೂ ಹೌದು. ಬೊಕ್ಕೆ ಎದ್ದಿವೆ ಎನ್ನಬಾರದು, ಬೇನೆ ಎನ್ನಬಾರದು, ಅವ್ವ ಬಂದಾಳ ಎನ್ನಬೇಕು. ನನ್ನ ಮುಖ ಕೆಡಿಸಿದ ದೊಡ್ಡ ಸಿಡುಬೂ ಅವ್ವ. ನೀರುಗುಳ್ಳೆ ಏಳುವ ಸಣ್ಣ ಸಿಡುಬೂ ಅವ್ವ. ಮೈ ಕೆಂಪಾಗಿ, ಕೆಮ್ಮು ಹತ್ತಿ, ಕಣ್ಣು ಅಂಟಿಕೊಳ್ಳುವ ದಡಾರ, ನಮ್ಮ ಕಡೆ ಗೊಬ್ಬರ ಅಂತೀವಲ್ಲ, ಅದೂ ಅವ್ವ. ಹೆಸರು ಹಿಡಿದರೆ ಆಕೆಗೆ ಸಿಟ್ಟು ಬರುತ್ತದೆ ಎಂದು ಹಿರಿಯರು ನಮ್ಮನ್ನು ಅಂಜಿಸಿ ಇಟ್ಟಿದ್ದರು. ನಾವೂ ಅಂಜಿಕೊಂಡೇ ಇದ್ದೆವು.

ಇದರಿಂದ ಒಂದು ಸಲ ನಗೆಯೂ ಆಗಿತ್ತು. ಸಣ್ಣ ಮಗಳು ಹೊಸದಾಗಿ ಮದುವೆಯಾಗಿ ರಾಮದುರ್ಗಕ್ಕೆ ಹೋದ ಮೇಲೆ ನಾನು ಆಕೆಯನ್ನು ನೋಡಲು ಹೋದೆ. ಆಕೆ ಬಾಗಿಲಲ್ಲಿ ನಿಂತು ಒಳಗಿನವರಿಗೆ ಕೇಳುವ ಹಾಗೆ "ಅವ್ವ ಬಂದಾಳ" ಎಂದಳು. ಓಣಿಯಲ್ಲಿ ಕೊಡ ಹೊತ್ತು ಬರುತ್ತಿದ್ದ ಒಬ್ಬ ಹೆಂಗಸು ಕೈ ಹಿಡಿದು ನಡೆಸುತ್ತಿದ್ದ ಕೂಸನ್ನು ಹಿಂದಕ್ಕೆ ಎಳೆದುಕೊಂಡು ಎದುರಿನ ಗೋಡೆಗೆ ಸರಿದಳು. ನನ್ನ ಮುಖ ನೋಡಿ ಇನ್ನಷ್ಟು ಸರಿದಳು. ಬೀಗತಿ ಸಹಿತ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು.

ಆ ಮಾತು ನಮ್ಮನ್ನು ಕಚ್ಚಿದ್ದು ಆಮೇಲೆ, ಅದೇ ಮಗಳು ಚೊಚ್ಚಲ ಬಾಣಂತನಕ್ಕೆ ಮುನವಳ್ಳಿಗೆ ನನ್ನ ಮನೆಗೆ ಬಂದಾಗ. ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಬಿಸಿಲು ಏರುವ ದಿನಗಳು. ಆಕೆಗೆ ಒಂಬತ್ತು ತುಂಬಲು ಇನ್ನೂ ಒಂದು ತಿಂಗಳಿಗಿಂತ ಹೆಚ್ಚು ಇತ್ತು. ನಾನು ಆಗ ಮನೆಯಲ್ಲೇ ಕುಪ್ಪಸ ಹೊಲಿಯುತ್ತಿದ್ದೆ. ಓದು ಬರಹ ನನಗೆ ಅಷ್ಟಕ್ಕಷ್ಟೆ. ಅಳತೆಯನ್ನು ಬರೆದು ಇಟ್ಟವಳಲ್ಲ, ನೂಲು ಹಿಡಿದು ಗಂಟು ಹಾಕಿ ಇಡುತ್ತಿದ್ದೆ.

ತಂಗಿಯನ್ನು ನೋಡಲು ದೊಡ್ಡ ಮಗಳು ನೇಸರಗಿಯಿಂದ ತನ್ನ ಸಣ್ಣ ಹುಡುಗಿಯನ್ನು ಕರೆದುಕೊಂಡು ಬಂದಳು. ಆ ಹುಡುಗಿಗೆ ಬಸ್ಸಿನಲ್ಲೇ ಮೈ ಬಿಸಿ ಆಗಿತ್ತಂತೆ, ಬಿಸಿಲಿಗೆ ಎಂದುಕೊಂಡಿದ್ದಳು. ಹುಡುಗಿ ಬಂದವಳೇ ಚಿಗವ್ವನ ಹೊಟ್ಟೆಯ ಮೇಲೆ ಕಿವಿ ಇಟ್ಟು ಕೂಸಿನ ಸಪ್ಪಳ ಕೇಳುತ್ತ, ಆಕೆಯ ತಟ್ಟೆಯಲ್ಲೇ ಉಂಡು, ಆಕೆಯ ಮಗ್ಗುಲಲ್ಲೇ ಮಲಗಿದಳು. ಮರುದಿನವೂ ಅದೇ. ಅದರ ಮರುದಿನ ಜಳಕ ಮಾಡಿಸಲು ಅಂಗಿ ಬಿಚ್ಚಿದರೆ ಎದೆಯ ಮೇಲೆ, ಬೆನ್ನ ಮೇಲೆ ನೀರುಗುಳ್ಳೆ.

ಬೇವಿನ ತೊಪ್ಪಲು ತಂದು ಬಾಗಿಲಿಗೆ ಕಟ್ಟಿದೆ. ಒಗ್ಗರಣೆ ನಿಲ್ಲಿಸಿದೆ. ಗೋಡೆಯಾಚೆ ಮನೆಯ ಚಾಚಿ ಬಂದಳು. ಓಣಿಯ ಅರ್ಧ ಮಕ್ಕಳನ್ನು ಹಿಡಿದು ಹೊರಗೆ ತಂದ ಸೂಲಗಿತ್ತಿಯ ಕೈ ಆಕೆಯದು. ಆಕೆಗೆ ಮುಟ್ಟು ಮಡಿ ನಮ್ಮ ಹಾಗೆ ಇಲ್ಲದಿದ್ದರೂ ತೊಪ್ಪಲು ಕಂಡರೆ ಚಪ್ಪಲಿ ಹೊರಗೆ ಬಿಟ್ಟು ಬರುವಳು. ಹುಡುಗಿಯನ್ನು ನೋಡಿದಳು, ಆಮೇಲೆ ಬಸುರಿಯನ್ನು ನೋಡಿದಳು, ಹುಬ್ಬು ಗಂಟಿಕ್ಕಿ ಹುಡುಗಿಯನ್ನು ಆಕೆಯ ಮಗ್ಗುಲಿನಿಂದ ಎಬ್ಬಿಸಿದಳು. 

ಸಣ್ಣ ಮಗಳೇ ನಕ್ಕು, ನನಗೇನೂ ಆಗುವುದಿಲ್ಲ, ನನಗೆ ಸಣ್ಣಾಕಿದ್ದಾಗಲೇ ಅವ್ವ ಬಂದು ಹೋಗಿದ್ದಾಳೆ ಎಂದಳು. ಹೌದಲ್ಲ ಎಂದೆ. ಒಮ್ಮೆ ಬಂದವಳು ಮತ್ತೆ ಬರುವುದಿಲ್ಲ ಎಂಬುದು ನಮಗೂ ಗೊತ್ತಿತ್ತು. ಬಂದದ್ದು ನನಗೆ ಚೆನ್ನಾಗಿ ನೆನಪಿತ್ತು. ಇಬ್ಬರೂ ಮಕ್ಕಳು ಒಟ್ಟಿಗೆ ಬಿದ್ದಿದ್ದರು. ಮೊಸರನ್ನ ಮಾಡಿದ್ದು, ಬೇವು ಅರಿಷಿಣದ ನೀರು ಹಾಕಿದ್ದು, ಹೊಸ ಖಣ ಇಟ್ಟು ಉಡಿ ತುಂಬಿ ಆಕೆಯನ್ನು ಕಳಿಸಿದ್ದು ಎಲ್ಲವೂ ಕಣ್ಣ ಮುಂದೆ ಇತ್ತು. ಚಾಚಿಯ ಮುಖವೂ ಸಡಿಲಾಯಿತು. ಚಹಾ ಕುಡಿದು ಹೋದಳು.

ಮರುದಿನ ಸವದತ್ತಿಗೆ ಹೋಗುವುದಿತ್ತು, ತಿಂಗಳ ತಪಾಸಣೆಗೆ. ಡಾಕ್ಟರ್ ಬಾಯಿ, ಲೇಡಿ ಡಾಕ್ಟರರನ್ನು ನಾವು ಹಾಗೇ ಕರೆಯುವುದು, ಹೊಟ್ಟೆ ಮುಟ್ಟಿ ನೋಡಿ, ಎಲ್ಲ ಬರೋಬರ್ ಇದೆ ಎಂದರು. ನಾವು ಏಳುವಾಗ ಮಗಳು ಸುಮ್ಮನೆ ಮಾತಿಗೆ ಎಂಬಂತೆ, ಮನೆಯಲ್ಲಿ ಅಕ್ಕನ ಮಗಳಿಗೆ ಅವ್ವ ಬಂದಿದ್ದಾಳೆ ಎಂದಳು. ಬಾಯಿ ಕೈಯಲ್ಲಿದ್ದ ಪೆನ್ನು ಕೆಳಗಿಟ್ಟರು. ನಿನಗೆ ಮೊದಲು ಬಂದಿತ್ತೇ ಎಂದು ಕೇಳಿದರು. ಬಂದಿತ್ತು ಎಂದಳು.

"ಹೆಂಗ ಬಂದಿತ್ತು? ಹಿಂಗ ನೀರು ತುಂಬಿದ ಬೊಕ್ಕಿ ಎದ್ದಿದ್ವೋ, ಬರೇ ಮೈ ಕೆಂಪಾಗಿತ್ತೋ?"

ಮಗಳು ನನ್ನ ಕಡೆ ತಿರುಗಿದಳು. "ಯವ್ವಾ, ಯಾವಾಕಿ ಬಂದಿದ್ಲು ಬೇ?"

 ಮಾಡಿದ್ದೆಲ್ಲ ನೆನಪಿತ್ತು, ನೋಡಿದ್ದು ನೆನಪಿರಲಿಲ್ಲ. ಯಾವಾಕೆ ಬಂದರೂ ಬೇವು ಅದೇ, ಮೊಸರನ್ನ ಅದೇ, ಖಣ ಅದೇ. ಎಲ್ಲರಿಗೂ ಒಂದೇ ಉಪಚಾರ ಮಾಡಿ ಕಳಿಸಿದ ಮೇಲೆ ಬಂದವಳು ಯಾರೆಂದು ಹೇಗೆ ಹೇಳಲಿ.  ಗೊತ್ತಿಲ್ಲರಿ ಎಂದೆ.

ಬಾಯಿ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಕುಂತುಕೊಳ್ಳಿರಿ ಎಂದರು. ಮೈಗೆ ಎಲ್ಲ ಅವ್ವಂದಿರೂ ಒಂದೇ ಅಲ್ಲ, ಗೊಬ್ಬರ ಬೇರೆ, ಸಿಡುಬು ಬೇರೆ, ಒಂದನ್ನು ಗೆದ್ದವಳು ಇನ್ನೊಂದಕ್ಕೆ ಹೊಸಬಳೇ ಎಂದರು. ರಕ್ತದೊಳಗೆ ಕಾವಲು ಇರುತ್ತದೆ, ಅದು ಗುರುತು ಹಿಡಿಯುತ್ತದೆ ಎಂದು ಏನೇನೋ ಹೇಳಿದರು. ನನ್ನ ತಲೆಗೆ ಇಳಿಯಲಿಲ್ಲ. ಅಷ್ಟರಲ್ಲಿ ಅವರ ಕಣ್ಣು ನನ್ನ ಸೆರಗಿಗೆ ಚುಚ್ಚಿಕೊಂಡಿದ್ದ ಸೂಜಿಯ ಮೇಲೆ ಬಿತ್ತು. ಹೊಲಿಗೆ ಮಾಡುತ್ತೀರಾ ಎಂದರು. ಕುಪ್ಪಸ ಎಂದೆ.

"ಹಂಗಾರ ಕೇಳ್ರಿ. ಹೊಸಾಕಿ ಬಂದ್ರ ಏನ್ ಮಾಡ್ತೀರಿ? ಅಳತಿ ತಗೋಬೇಕು, ಕತ್ತರಸಬೇಕು, ಹೊಲಿಬೇಕು. ದಿನ ಹಿಡೀತಾವು. ಒಮ್ಮೆ ಹೊಲಿಸಿದಾಕಿ ಮತ್ತ ಬಂದ್ರ ಅಳತಿ ನಿಮ್ಮ ಕಡೆನ ಇರತದ, ಲಗೂನ ಮುಗೀತದ. ಮೈನೂ ಹಂಗ. ಹೊಸ ರೋಗ ಬಂದ್ರ ಅದರ ಅಳತಿಗೆ ಹೊಲಿಯೂದಕ್ಕ ಎಂಟ್ಹತ್ತು ದಿನ ಬೇಕು, ಅಷ್ಟರಾಗ ರೋಗ ಮೈ ತುಂಬಿರತದ. ಹಳೇ ರೋಗ ಬಂದ್ರ ಅದು ತಲಿ ಎತ್ತೂದ್ರಾಗ ಹೊಲಿಗಿ ತಯಾರ."

ಒಬ್ಬಾಕೆಯ ಅಳತೆಯ ಕುಪ್ಪಸ ಇನ್ನೊಬ್ಬಾಕೆಗೆ ಬರುವುದಿಲ್ಲ. ಅದನ್ನು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅಲ್ಲಿಗೆ ನನಗೆ ತಿಳಿಯಿತು. ತಿಳಿದ ಮೇಲೆ ಅಂಜಿಕೆ ಹೆಚ್ಚಾಯಿತೇ ಹೊರತು ಕಡಿಮೆ ಆಗಲಿಲ್ಲ.

ಮಗಳನ್ನು ಹೊರಗೆ ಕುಳ್ಳಿರಿಸಿ ಬಾಯಿ ನನಗೆ ಉಳಿದದ್ದನ್ನು ಹೇಳಿದರು. ಈಕೆಗೆ ಮೊದಲು ಬಂದದ್ದು ಗೊಬ್ಬರವಾಗಿದ್ದರೆ, ಇನ್ನು ಎರಡು ವಾರಕ್ಕೋ ಮೂರು ವಾರಕ್ಕೋ ಬೊಕ್ಕೆ ಏಳಬಹುದು. ದೊಡ್ಡವರಿಗೆ ಎದ್ದರೆ ಮಕ್ಕಳ ಹಾಗೆ ಹಗುರಾಗಿ ಹೋಗುವುದಿಲ್ಲ, ಬಸುರಿಗೆ ಉಸಿರಿನ ಮೇಲೆ ಬರಬಹುದು. ಎದ್ದ ಮೇಲೆ ತಾಯಿ ತಾನು ಹೊಲಿದದ್ದನ್ನು ಕರುಳಬಳ್ಳಿಯಿಂದ ಕೂಸಿಗೂ ಕಳಿಸುತ್ತಾಳೆ. ಅದಕ್ಕೆ ವೇಳೆ ಬೇಕು. ಬೊಕ್ಕೆ ಎದ್ದು ಒಂದು ವಾರದ ಮೇಲೆ ಹಡೆದರೆ ಚಿಂತೆ ಕಡಿಮೆ. ಎದ್ದ ಎರಡು ಮೂರು ದಿನಕ್ಕೇ ಹಡೆದರೆ ಕೂಸಿಗೆ ತಾಯಿಯ ರೋಗ ಅಷ್ಟೇ ಸಿಗುತ್ತದೆ, ಅದನ್ನು ತಡೆಯುವುದು ಸಿಗುವುದಿಲ್ಲ. ಅಂಥ ಕೂಸು ಉಳಿಯುವುದು ಕಷ್ಟ.

ಈಗಲೇ ಏನಾದರೂ ಸೂಜಿ ಮಾಡಿ ಎಂದೆ. ಹೊಲಿದು ತಯಾರಾಗಿದ್ದನ್ನೇ ಮೈಗೆ ಹಾಕುವ ಒಂದು ಸೂಜಿ ಇದೆ, ದೊಡ್ಡ ಊರಿನಲ್ಲೂ ಸಿಗುವುದು ಖಾತ್ರಿ ಇಲ್ಲ, ಹುಡುಕಿಸುತ್ತೇನೆ ಎಂದರು. ಹುಡುಕಿಸಿದರು. ಸಿಗಲಿಲ್ಲ.

ಬಸ್ಸಿನಲ್ಲಿ ಬರುವಾಗ ಮಗಳು ಕಿಟಕಿಯ ಹತ್ತಿರ ಕುಂತು ಕಡಲೆ ತಿನ್ನುತ್ತಿದ್ದಳು. ಆಕೆಗೆ ಅರ್ಧ ಅಷ್ಟೇ ಗೊತ್ತಿತ್ತು. ನಾನು ಆಕೆಯ ಕುತ್ತಿಗೆಯನ್ನೇ ನೋಡುತ್ತಿದ್ದೆ.

ಮನೆಗೆ ಬಂದು ಎಣ್ಣೆ ಹಚ್ಚುವ ನೆಪದಲ್ಲಿ ಆಕೆಯ ಮೈಯೆಲ್ಲ ಹುಡುಕಿದೆ. ನೀರುಗುಳ್ಳೆ ಕೆರೆದುಕೊಂಡರೆ ಒಂದಾದರೂ ಕುಣಿ ಉಳಿಯುತ್ತದೆ, ಗೊಬ್ಬರ ಏನನ್ನೂ ಬಿಟ್ಟು ಹೋಗುವುದಿಲ್ಲ. ಹಣೆಯ ಮೇಲೆ ಕೂದಲಿನ ಹತ್ತಿರ ಒಂದು ಕುಣಿ ಸಿಕ್ಕಿತು. ಹೋದ ಜೀವ ತುಸು ತಿರುಗಿ ಬಂತು. ಇದು ಆವಾಗಿನದೇ ಇರಬೇಕು ಎಂದೆ. ಹಿಂದೆ ಕುಂತಿದ್ದ ದೊಡ್ಡ ಮಗಳು, ಅಲ್ಲ, ಅದು ನಾನು ಒಲೆಯ ಮುಂದೆ ಆಡುತ್ತ ಇಟ್ಟ ಕೊಳ್ಳಿಯ ಗುರುತು, ಅದಕ್ಕೆ ನಿನ್ನ ಕೈಯಿಂದ ಹೊಡೆತ ತಿಂದಿದ್ದೇನೆ ಎಂದಳು. ಹಾಗಾದರೆ ಅವ್ವ ಬಂದಾಗಿನದು ನಿನಗೆ ಏನು ನೆನಪಿದೆ ಎಂದು ಆಕೆಯನ್ನೇ ಕೇಳಿದೆ. ಆಕೆ ಆಗ ಸಾಲಿಗೆ ಹೋಗುವಷ್ಟು ದೊಡ್ಡವಳಿದ್ದಳು.

"ಮುಂಜಾನೆ ಕಣ್ಣು ತೆರೀತಿರಲಿಲ್ಲ. ನೀನು ಬಿಸಿನೀರಿನ ಅರಿವಿ ಹಚ್ಚಿ ಬಿಡಸ್ತಿದ್ದಿ. ಈಕಿ ಕೆಮ್ಮಿ ಕೆಮ್ಮಿ ನನಗ ನಿದ್ದಿ ಮಾಡಗೊಡಲಿಲ್ಲ."

ಕಣ್ಣು ಅಂಟಿದ್ದು, ಕೆಮ್ಮಿದ್ದು. ಗೊಬ್ಬರ. ಅರಿವೆಯ ಬಿಸಿ ನನ್ನ ಕೈಗೂ ನೆನಪಾಯಿತು. ಎಣ್ಣೆ ಬಟ್ಟಲು ಹಾಗೇ ಇಟ್ಟು ಎದ್ದು ಹಿತ್ತಲಿಗೆ ಹೋದೆ.

ಅಲ್ಲಿಂದ ನಾನು ಮಾಡಿದ್ದು ಕಾಯುವ ಕೆಲಸ. ಒಬ್ಬರ ಮನೆಗೆ ಹೋಗಲಿಲ್ಲ, ಯಾರನ್ನೂ ಒಳಗೆ ಕರೆಯಲಿಲ್ಲ. ಮೊಮ್ಮಗಳು ಆರಾಮಾಗಿ ಎದ್ದು ಆಡತೊಡಗಿದಳು, ಅವ್ವನನ್ನು ಉಡಿ ತುಂಬಿ ಕಳಿಸಿದೆವು, ದೊಡ್ಡ ಮಗಳು ನೇಸರಗಿಗೆ ಹೋದಳು. ತೊಪ್ಪಲು ಒಣಗಿ ಬಾಗಿಲಲ್ಲೇ ಜೋತಾಡುತ್ತಿತ್ತು, ತೆಗೆಯಲು ಕೈ ಬರಲಿಲ್ಲ. ಬೇಸಿಗೆ ಬೇರೆ. ಬೆವರಿಗೆ ಆಕೆಯ ಬೆನ್ನ ಮೇಲೆ ಗುಳ್ಳೆ ಎದ್ದರೆ ನಾನು ಬಿಸಿಲಿಗೆ ಕರೆದು ನಿಲ್ಲಿಸಿ ಬೆರಳಿನಿಂದ ಒತ್ತಿ ನೋಡುತ್ತಿದ್ದೆ. ಬೆಳಿಗ್ಗೆ ನೋಡಿದ್ದನ್ನೇ ಮಧ್ಯಾಹ್ನ ಮತ್ತೆ ನೋಡುತ್ತಿದ್ದೆ. ಗುಂಡಿಯ ಕಾಜು ಹಾಕುವಾಗ ಬೆರಳು ಚುಚ್ಚಿಕೊಂಡು ಗಿರಾಕಿಯ ಬಟ್ಟೆಗೆ ರಕ್ತ ಹಚ್ಚಿದೆ.

ರಾಮದುರ್ಗದಿಂದ ಬೀಗತಿ ಅಳಿಯನನ್ನು ಕರೆದುಕೊಂಡು ಬಂದಳು. ಸುದ್ದಿ ಕೇಳಿ ಸೊಸೆಯ ತೋಳು ಎತ್ತಿ, ಇಲ್ಲಿ ದೇವಿ ಹಾಕಿಸಿದ ಗುರುತು ಇದೆಯಲ್ಲ, ಸರ್ಕಾರದವರು ಚುಚ್ಚಿದ್ದು, ಇನ್ನೇನು ಅಂಜಿಕೆ ಎಂದಳು. ಅದು ನನ್ನ ಮುಖ ತಿಂದ ದೊಡ್ಡಾಕೆಯ ಸಲುವಾಗಿ ಹಾಕಿದ್ದು, ಈ ಸಣ್ಣಾಕೆಗೆ ನಡೆಯುವುದಿಲ್ಲ ಎಂದೆ. ಅವ್ವನೊಳಗೆ ದೊಡ್ಡಾಕೆ ಸಣ್ಣಾಕೆ ಎಂದು ಭೇದ ಮಾಡುತ್ತೀಯಲ್ಲ, ನಿನ್ನ ನಾಲಿಗೆಗೆ ಹುಳ ಬೀಳಲಿ ಎಂದಳು. ಬೀಳಲಿ ಎಂದೆ.

ಬೀಗತಿ ಬಂದ ಎರಡನೆಯ ದಿನಕ್ಕೇ ಮಗಳಿಗೆ ಜ್ವರ ಬಂತು. ಮರುದಿನ ಕಿವಿಯ ಹಿಂದೆ ಒಂದು ಗುಳ್ಳೆ, ನೀರು ತುಂಬಿ ಹೊಳೆಯುತ್ತಿತ್ತು. ಒತ್ತಿ ನೋಡುವ ಅವಶ್ಯಕತೆ ಇರಲಿಲ್ಲ. ಸಂಜೆಗೆ ಹೊಟ್ಟೆಯ ಮೇಲೆ, ತಲೆಯೊಳಗೆ, ಬಾಯೊಳಗೆ. ಬೊಕ್ಕೆ ಎದ್ದರೆ ಕೊಡಲು ಡಾಕ್ಟರ್ ಬಾಯಿ ಹೇಳಿದ್ದ ಗುಳಿಗೆಯನ್ನು ಅಳಿಯ ಬೆಳಗಾವಿಗೆ ಹೋಗಿ ತಂದ. ಬೊಕ್ಕೆ ಕಂಡು ನಾನು ಅಳಲಿಲ್ಲ, ಬೀಗತಿ ಅತ್ತಳು. ನನಗೆ ಒಂದೇ ಲೆಕ್ಕ ಇತ್ತು. ಇವತ್ತು ಎದ್ದಿದೆ, ಇನ್ನು ಒಂದು ವಾರ ಹೆರಿಗೆ ಬೇನೆ ತಿನ್ನಬಾರದು. ಹೆಣ್ಣುಮಕ್ಕಳ ಹೆರಿಗೆ ಲಗೂ ಆಗಲಿ ಎಂದು ಕೈ ಮುಗಿದವಳು ನಾನು, ಈಗ ಆಗದಿರಲಿ ಎಂದು ಮುಗಿದೆ.

ಮೂರನೆಯ ದಿನ ಜ್ವರ ಏರಿ ಆಕೆಗೆ ಸೊಂಟ ಹಿಡಿಯಿತು. ಹೊಟ್ಟೆ ಕಲ್ಲಾಗುವುದು, ಬಿಡುವುದು. ಉಸಿರು ಮೇಲೆ ಮೇಲೆ ಬರುತ್ತಿತ್ತು. ಮಾತಾಡಿಸಿದರೆ ಅರ್ಧ ಮಾತಾಡಿ ನಿಲ್ಲುತ್ತಿದ್ದಳು. ಬೀಗತಿ ಚಾಚಿಯನ್ನು ಕರೆಸಿದಳು. ಚಾಚಿ ನಾಡಿ ಹಿಡಿದು, ಹೊಟ್ಟೆ ಮುಟ್ಟಿ, ಬೇನೆ ಹುಸಿಯೋ ಖರೆಯೋ ಇನ್ನೂ ಹೇಳಲಿಕ್ಕೆ ಬರುವುದಿಲ್ಲ, ಕಷಾಯ ಕುದಿಸಿ ಕೊಟ್ಟರೆ ಖರೆ ಆಗುತ್ತದೆ ಎಂದಳು. ಬೀಗತಿ ಆಗಲೇ ಒಲೆಯ ಮೇಲೆ ಇಟ್ಟಿದ್ದಳು. ಅಜವಾನದ ವಾಸನೆ ಮನೆ ತುಂಬಿತು. ಚಾಚಿ ಬಟ್ಟಲು ಹಿಡಿದು ಬಂದಳು.

"ಕೊಡೂಣು ಯಕ್ಕಾ. ಕೂಸು ಹೊರಗ ಬಂದ್ರ ತಾಯಿ ಹಗುರಾಗ್ತಾಳ. ಆಕಿ ಉಸರು ನೋಡು."

"ಬ್ಯಾಡ. ಇನ್ನಾ ಹೊಲಿಗಿ ಮುಗದಿಲ್ಲ."

"ಇಂಥಾ ಹೊತ್ತಿನ್ಯಾಗ ಯಾರ ಹೊಲಿಗಿ ಚಿಂತಿ ನಿನಗ?"

"ಆಕಿ ಒಳಗ ನಡದೈತಿ, ಅದು. ಕೂಸಿಂದ. ಮೈಮ್ಯಾಲ ಏನೂ ಇಲ್ಲದ ಅದನ್ನ ಹೊರಗ ಹ್ಯಾಂಗ ತರ್ತಿ?"

ಚಾಚಿ ನನಗೆ ತಲೆ ಕೆಟ್ಟಿದೆ ಎಂಬ ಹಾಗೆ ನೋಡಿದಳು. ಬೀಗತಿ, ನಿನ್ನ ಹಟಕ್ಕೆ ನನ್ನ ಮನೆಯ ಎರಡು ಜೀವ ಹೋಗುತ್ತವೆ ಎಂದಳು. ಹೋಗಲೂಬಹುದಿತ್ತು. ಬಾಯಿ ಹೇಳಿದ್ದನ್ನು ನಾನು ಸರಿಯಾಗಿ ತಿಳಿದಿದ್ದೇನೋ ಇಲ್ಲವೋ ನನಗೇ ಖಾತ್ರಿ ಇರಲಿಲ್ಲ. ಒಳಗೆ ಉಸಿರು ಕೆರೆಯುವ ಸಪ್ಪಳ ಕೇಳುತ್ತಿತ್ತು. ನಾನು ಬಟ್ಟಲು ಇಸಿದುಕೊಂಡು ಬಚ್ಚಲಿಗೆ ಸುರಿದೆ. ಒಲೆಯ ಮೇಲಿನದನ್ನೂ ಸುರಿದೆ. ಆಮೇಲೆ ಅಳಿಯನಿಗೆ, ಗಾಡಿ ತರಿಸು, ಸವದತ್ತಿಗೆ ಹೋಗೋಣ ಎಂದೆ. ಅವ್ವ ಮೈಮೇಲೆ ಇದ್ದಾಗ ಸೀಮೆ ದಾಟಿಸಬಾರದು ಎಂದು ಬೀಗತಿ ಹೊಸ್ತಿಲಿಗೆ ಅಡ್ಡ ಕುಂತಳು. ಚಾಚಿಯೇ ಆಕೆಯ ರಟ್ಟೆ ಹಿಡಿದು ಎಬ್ಬಿಸಿದಳು. ಕಷಾಯ ಹೋಯಿತು, ಇನ್ನು ಕುಂತು ಏನು ಕಾಯುತ್ತೀ ಎಂದಳು. ನಮ್ಮ ಸಂಗಡ ಗಾಡಿಯನ್ನೂ ಹತ್ತಿದಳು.

ದವಾಖಾನೆಯಲ್ಲಿ ಮೂಲೆಯ ಒಂದು ಕೋಣೆಯಲ್ಲಿ ಬೇರೆ ಇಟ್ಟರು. ಬೇನೆ ನಿಲ್ಲಲು ಔಷಧ ಹಚ್ಚಿದರು, ಉಸಿರಿಗೆ ನಳಿಗೆ ಹಾಕಿದರು. ಕಷಾಯ ಏನಾದರೂ ಕೊಟ್ಟಿದ್ದೀರಾ ಎಂದು ಬಾಯಿ ಕೇಳಿದರು. ನಾನು ಇಲ್ಲ ಎಂದೆ. ಚಾಚಿ ನೆಲ ನೋಡಿದಳು.

ಬೇನೆ ನಿಂತಿತು. ಉಸಿರು ಇಳಿಯಲು ಮತ್ತೆರಡು ದಿನ ಹಿಡಿಯಿತು. ಬೊಕ್ಕೆ ಕಪ್ಪಾಗಿ, ಹಕ್ಕಳೆ ಕಟ್ಟಿ, ಉದುರಲು ಸುರುವಾದವು. ವಾರ ಕಳೆಯಿತು. ಪೂರಾ ಉದುರಿದ ಮೇಲೆ ಒಂದು ಮುಂಜಾನೆ ಖರೆ ಬೇನೆ ಬಂತು. ಈಗ ಬಂದರೆ ಬರಲಿ ಎಂದೆ. ಮಧ್ಯಾಹ್ನದೊಳಗೆ ಹೆಣ್ಣು ಕೂಸು ಹುಟ್ಟಿತು.

ನರ್ಸು ಕೂಸನ್ನು ಕೈಗೆ ಕೊಟ್ಟಾಗ ನಾನು ಅದರ ಮುಖ ನೋಡಲಿಲ್ಲ. ಅರಿವೆ ಬಿಚ್ಚಿ ಕಂಕುಳು, ತೊಡೆಯ ಸಂದು, ಕಿವಿಯ ಹಿಂದೆ ನೋಡಿದೆ. ಏನೂ ಇರಲಿಲ್ಲ. ಬಾಯಿ, ಇನ್ನೂ ಕೆಲವು ದಿನ ನೋಡೋಣ ಎಂದರು. ನೋಡಿದೆವು. ಕೂಸು ಹಾಲು ಕುಡಿದು ಮಲಗುವುದು ಬಿಟ್ಟರೆ ಬೇರೆ ಏನೂ ಮಾಡಲಿಲ್ಲ. ಬೀಗತಿ ಖಣ ತಂದು ಅವ್ವನ ಉಡಿ ತುಂಬಿದಳು. ನಾನೂ ಅರಿಷಿಣ ಹಚ್ಚಿದೆ. ಖಣ ಹೊಲಿಯದ ಬಟ್ಟೆ, ಯಾವ ಅವ್ವನಿಗಾದರೂ ನಡೆಯುತ್ತದೆ.

ತಾಯಿ ಕಳಿಸಿದ್ದು ಕೂಸಿನ ಮೈಮೇಲೆ ಕೆಲವು ತಿಂಗಳು ಅಷ್ಟೇ ಬಾಳುತ್ತದೆ, ಆಮೇಲೆ ಹರಿದು ಹೋಗುತ್ತದೆ, ತನ್ನದನ್ನು ತಾನೇ ಹೊಲಿದುಕೊಳ್ಳಬೇಕು ಎಂದು ಬಾಯಿ ಹೇಳಿದ್ದರು. ಒಂಬತ್ತು ತಿಂಗಳಿಗೆ ಕೂಸಿಗೆ ಗೊಬ್ಬರದ ಸೂಜಿ ಹಾಕಿಸಲು ನಾನೇ ಎತ್ತಿಕೊಂಡು ಹೋದೆ. ನಮ್ಮಲ್ಲಿ ಅಳತೆಗೆ ಹಳೆಯ ಕುಪ್ಪಸ ಕೊಟ್ಟು ಕಳಿಸುತ್ತಾರಲ್ಲ, ತೊಡುವವಳು ಬರುವುದಿಲ್ಲ, ಸೂಜಿಯೂ ಹಾಗೆಯೇ, ರೋಗ ಬರದೆ ಅಳತೆ ಅಷ್ಟೇ ಕೊಡುತ್ತದೆ ಎಂದು ಅರ್ಥ ಮಾಡಿಕೊಂಡೆ. ಎರಡು ದಿನ ಮೈ ಬೆಚ್ಚಗಾಯಿತು. ಅಂಜಲಿಲ್ಲ ಎಂದರೆ ಸುಳ್ಳು.

ಆ ಕೂಸು ಸಾಲಿಗೆ ಹೋಗುವಂತಾದ ಮೇಲೆ ಒಂದು ದಿನ ರಾಮದುರ್ಗದಿಂದ ಫೋನು ಬಂತು. ಅಷ್ಟರಲ್ಲಿ ನಮ್ಮ ಓಣಿಯಲ್ಲೂ ಮೊಬೈಲ್ ಬಂದಿದ್ದವು. ಸಣ್ಣ ಮಗಳ ದನಿ.

"ಯವ್ವಾ, ಕೂಸಿಗೆ ಅವ್ವ ಬಂದಾಳ."

"ಯಾವಾಕಿ?"

 ಹಿಂದೆ ಬೀಗತಿ ಕೆಮ್ಮುವುದು ಕೇಳಿಸಿತು, ಅಲ್ಲೇ ಇದ್ದಳು.

"ಸಿಡುಬು. ನೀರಬೊಕ್ಕಿ. ಸಾಲ್ಯಾಗ ಎಲ್ಲಾ ಹುಡುಗ್ರಿಗೂ ಎದ್ದಾವ."

ಕೂಸಿಗೆ ಉಸಿರು ಹೇಗಿದೆ, ಆಡುತ್ತದೆಯೋ ಇಲ್ಲವೋ ಎಂದು ಕೇಳಿದೆ. ಆಡುತ್ತಿದೆ, ಕೆರೆದುಕೊಳ್ಳುತ್ತದೆ, ಬೈದರೆ ಕೇಳುವುದಿಲ್ಲ ಎಂದಳು. ಅಷ್ಟಕ್ಕೆ ನನಗೆ ಸಮಾಧಾನ ಆಗಬೇಕಿತ್ತು, ಆಗಲಿಲ್ಲ.

"ನಿಮ್ಮ ಓಣ್ಯಾಗ ಬಸುರಿ ಯಾರರ ಅದಾರೇನು?"

"ಇಬ್ಬರು ಅದಾರ. ಒಬ್ಬಾಕಿ ನಿನ್ನೆ ಬಂದು ಕೂಸಿನ್ನ ಎತ್ತಿಕೊಂಡಿದ್ಲು."

ಫೋನು ಇಡು, ಮೊದಲು ಆಕೆಯ ಮನೆಗೆ ಹೋಗು ಎಂದೆ. ಒಳಗೆ ಹೋಗಬೇಡ, ಅಂಗಳದಲ್ಲಿ ನಿಂತು ಸಿಡುಬು ಎಂದು ಹೆಸರು ಹಿಡಿದು ಹೇಳು, ಸಣ್ಣಾಕಿದ್ದಾಗ ಯಾವಾಕೆ ಬಂದಿದ್ದಳು ಎಂದು ತಾಯಿಯನ್ನು ಕೇಳಲು ಆಕೆಗೆ ಹೇಳು ಎಂದೆ.